ಪರಿಶುದ್ಧರ ಎಲುಬುಗಳು
ಓದತಕ್ಕ ವೇದಭಾಗಗಳು: ಆದಿಕಾಂಡ 50:24–26, 2 ಅರಸುಗಳು 13:20–21, 18:4

ನಮ್ಮ ಗ್ರಾಮಸಭೆಗಳಲ್ಲಿ ಕೆಲವರು, ಮಗುವಿಗೆ ಜ್ವರ ಬಂದಾಗ, ಕಾಲವಾದ ಭಕ್ತರೊಬ್ಬರ ಸಮಾಧಿಯ ಮಣ್ಣನ್ನು ತಂದು ಅದರ ಹಣೆಗೆ ಹಚ್ಚುವದುಂಟು. ಅವರನ್ನು ಗದರಿಸುವದು ಸುಲಭ. ಆದರೆ ಪ್ರಿಯ ವಾಚಕರೇ, ಈ ವಾಡಿಕೆಯ ಬೇರಿನಲ್ಲಿರುವ ಪ್ರೀತಿಯು ಕೆಟ್ಟದ್ದಲ್ಲ; ಅದು ಎಲ್ಲಿ ದಾರಿ ತಪ್ಪುತ್ತದೆಂಬದನ್ನು ವಿಚಾರಿಸೋಣ.

ಎಲೀಷನ ಎಲುಬುಗಳಿಗೆ ತಗಲಿದ ಸತ್ತವನು ಜೀವಿಸಿ ಎದ್ದನೆಂದು ವೇದದಲ್ಲಿಯೇ ಇದೆಯಲ್ಲಾ ಎಂದು ಯಾರಾದರೂ ಕೇಳಾರು. ಹೌದು, ಇದೆ. ಆದರೆ ಹೆಣವನ್ನು ಅಲ್ಲಿ ಹಾಕಿದವರು ಅದ್ಭುತವನ್ನು ಬಯಸಿ ಬಂದವರಲ್ಲ. ಸುಲಿಗೆಗಾರರ ಗುಂಪನ್ನು ಕಂಡು ಅವಸರಪಟ್ಟವರು. ದೇವರು ತನ್ನ ಚಿತ್ತದಂತೆ ಒಮ್ಮೆ ಮಾಡಿದನು. ಆಮೇಲೆ ಇಸ್ರಾಯೇಲ್ಯರು ಆ ಸಮಾಧಿಗೆ ಯಾತ್ರೆ ಹೋದರೆಂದು ನಾವು ಓದುವದಿಲ್ಲ.

ಸ್ಮುರ್ನ ಸಭೆಯ ಅಧ್ಯಕ್ಷನಾದ ಪೊಲಿಕಾರ್ಪನು ಸುಮಾರು 155ನೇ ಇಸವಿಯಲ್ಲಿ ಬೆಂಕಿಗೆ ಒಪ್ಪಿಸಲ್ಪಟ್ಟನು. ಕ್ರಿಸ್ತನನ್ನು ದೂಷಿಸಿದರೆ ಬಿಡುತ್ತೇನೆಂದು ಅಧಿಪತಿಯು ಹೇಳಿದಾಗ, ಎಂಭತ್ತಾರು ವರುಷ ಸೇವಿಸಿದ ಒಡೆಯನನ್ನು ದೂಷಿಸಲು ಆ ವೃದ್ಧನು ಒಪ್ಪಲಿಲ್ಲ. ಇವನ ದೇಹವನ್ನು ಕೊಟ್ಟರೆ ಕ್ರೈಸ್ತರು ಶಿಲುಬೆಗೆ ಹಾಕಲ್ಪಟ್ಟವನನ್ನು ಬಿಟ್ಟು ಇವನನ್ನೇ ಪೂಜಿಸುವರೆಂದು ವಿರೋಧಿಗಳು ಅಡ್ಡಿಮಾಡಿದರು. ಸ್ಮುರ್ನದವರು ನೆರೆಸಭೆಗೆ ಬರೆದ ಪತ್ರಿಕೆಯು ಇಂದಿಗೂ ಉಳಿದದೆ. ತಾವು ಆರಾಧಿಸುವದು ಕ್ರಿಸ್ತನನ್ನು ಮಾತ್ರ, ರಕ್ತಸಾಕ್ಷಿಗಳನ್ನಾದರೋ ಆತನ ಶಿಷ್ಯರೆಂದು ಪ್ರೀತಿಸುತ್ತೇವೆ ಎಂಬದು ಅದರ ತಾತ್ಪರ್ಯ. ಅವರು ಎಲುಬುಗಳನ್ನು ಆರಿಸಿ, ಬಂಗಾರಕ್ಕಿಂತ ಬೆಲೆಯುಳ್ಳವುಗಳೆಂದು ಎಣಿಸಿ, ತಕ್ಕ ಸ್ಥಳದಲ್ಲಿಟ್ಟರು. ವರುಷಕ್ಕೊಮ್ಮೆ ಅಲ್ಲಿ ಕೂಡಿ ಆತನ ಸಾಕ್ಷಿಯನ್ನು ನೆನೆಯಬೇಕೆಂದೂ, ಮುಂದೆ ಶ್ರಮೆಪಡಬೇಕಾದವರು ಅದರಿಂದ ಸಿದ್ಧರಾಗಬೇಕೆಂದೂ ನಿಶ್ಚಯಿಸಿದರು. ನಮ್ಮ ಹಿರಿಯರ ಸಮಾಧಿಗಳ ಬಳಿಯಲ್ಲಿಯೂ ಹೀಗೆ ಕೂಡುವದಕ್ಕೆ ಯಾವ ಆಕ್ಷೇಪಣೆಯೂ ಇಲ್ಲ.

ಕಾಲಕ್ರಮದಲ್ಲಿ ಎಲುಬುಗಳನ್ನು ತುಂಡುಮಾಡಿ, ಬೆಳ್ಳಿಬಂಗಾರದ ಕರಂಡಗಳಲ್ಲಿಟ್ಟು ತೋರಿಸತೊಡಗಿದರು. ವಿಟ್ಟೆನ್‌ಬೆರ್ಗಿನ ದೊರೆ ಫ್ರೆಡರಿಕನು 1520ರ ಹೊತ್ತಿಗೆ ಇಂಥ 19,000ಕ್ಕೂ ಹೆಚ್ಚು ಅವಶೇಷಗಳನ್ನು ಕೂಡಿಸಿದ್ದನು. ಅವುಗಳನ್ನು ದರ್ಶನಮಾಡಿದವರಿಗೆ ಪಾಪದ ದಂಡನೆಯಲ್ಲಿ ಇಷ್ಟು ವರುಷ ಕಡಿಮೆಯೆಂಬ ಲೆಕ್ಕವಿತ್ತು. ಬಡವನು ನಂಬಿದ್ದು ಆ ಲೆಕ್ಕವನ್ನೇ. ಸಕಲ ಪರಿಶುದ್ಧರ ಹಬ್ಬದ ಮುನ್ನಾದಿನ, 1517ರ ಅಕ್ಟೋಬರ 31ರಲ್ಲಿ, ಲೂಥರನು ತನ್ನ 95 ವಾಕ್ಯಗಳನ್ನು ಹೊರಡಿಸಿದ್ದು ಅದೇ ಊರಿನಲ್ಲಿ.

ನಮಗೆ ಸಮೀಪವಾದ ಗೋವೆಯಲ್ಲಿ ಫ್ರಾನ್ಸಿಸ್ ಕ್ಸೇವಿಯರನ ದೇಹವು ಬೆಳ್ಳಿಯ ಪೆಟ್ಟಿಗೆಯಲ್ಲಿದೆ. ಹತ್ತು ವರುಷಕ್ಕೊಮ್ಮೆ ಜನರಿಗೆ ತೋರಿಸುವ ವಾಡಿಕೆಯುಂಟು, 2024ರಲ್ಲಿಯೂ ತೋರಿಸಿದರು. ಬಲಗೈಯ ಭಾಗವನ್ನು 1614ರಲ್ಲಿ ರೋಮಿಗೆ ಒಯ್ದರು. ಚೀನಾದೇಶದೊಳಗೆ ಸುವಾರ್ತೆ ಸಾರಬೇಕೆಂದು ಕಾಯುತ್ತಾ ಸಮುದ್ರತೀರದ ದ್ವೀಪದಲ್ಲಿ 1552ರಲ್ಲಿ ಸತ್ತವನ ಆಸಕ್ತಿಯನ್ನು ನಾವು ಹಗುರಮಾಡೆವು. ಆ ಆಸಕ್ತಿಯನ್ನು ಪೆಟ್ಟಿಗೆಯಲ್ಲಿಡಲಾಗದು.

ವೇದದ ಪೆಟ್ಟಿಗೆಯೊಂದನ್ನೂ ನೋಡಿರಿ. ಯೋಸೇಫನನ್ನು ಐಗುಪ್ತದಲ್ಲಿ ಪೆಟ್ಟಿಗೆಯೊಳಗೆ ಇಟ್ಟರು. ಹೊರಟಾಗ ಮೋಶೆಯು ಅವನ ಎಲುಬುಗಳನ್ನು ತಕ್ಕೊಂಡು ಹೋದನು. ಅರಣ್ಯದಲ್ಲಿ ನೀರು ಸಾಲದೆ ಜನರು ಗುಣುಗುಟ್ಟಿದರು, ಸರ್ಪಗಳು ಕಚ್ಚಿ ಸತ್ತರು. ಆಗಲೂ ಆ ಎಲುಬುಗಳನ್ನು ಮುಟ್ಟಿಸಿಕೊಂಡವರ ಸುದ್ದಿಯಿಲ್ಲ. ಸರ್ಪಗಳ ದಿನದಲ್ಲಿ ದೇವರೇ ಮಾಡಿಸಿದ ತಾಮ್ರದ ಸರ್ಪಕ್ಕೆ ಜನರು ಧೂಪಹಾಕಿದಾಗ ಹಿಜ್ಕೀಯನು ಅದನ್ನು ಚೂರುಚೂರು ಮಾಡಿದನು. ಯೋಸೇಫನ ಎಲುಬುಗಳನ್ನಾದರೋ ವಾಗ್ದತ್ತದೇಶಕ್ಕೆ ತಂದು, ಶೆಕೆಮಿನಲ್ಲಿ ಯಾಕೋಬನು ಕೊಂಡುಕೊಂಡಿದ್ದ ಹೊಲದಲ್ಲಿ ಹೂಣಿಟ್ಟರು.