ಕಪ್ಪು ಕಲ್ಲುಗಳು

'ದೇಶ ಸುತ್ತು, ಕೋಶ ಓದು' ಎಂಬುದು ನಮ್ಮ ಹಿರಿಯರ ಮಾತು. ಕೋಶವನ್ನು ಓದಿಕೊಂಡು ದೇಶ ಸುತ್ತುವವರು ಹಲವರು. ಏನನ್ನೂ ತಿಳಿಯದೆ ಹೋಗಿ, ದೇಶವನ್ನೇ ಕೋಶದಂತೆ ಓದಿ ಬರುವವರು ಕೆಲವರು. ಬರ್ಲಿನ್ನಿನಲ್ಲಿ ವ್ಯಾಸಂಗ ಮಾಡುತ್ತಿದ್ದ ಇಬ್ಬರು ಗೆಳೆಯರಿಗೆ 2006ರಲ್ಲಿ ಅಂಥದೊಂದು ಅವಕಾಶ ಆಕಸ್ಮಿಕವಾಗಿ ಒದಗಿತು. ಒಬ್ಬನು ಮೈಸೂರಿನವನು, ಇನ್ನೊಬ್ಬನು ಪೋಲೆಂಡಿನ ರಾಜಧಾನಿಯಾದ ವಾರ್ಸಾದವನು.

ಒಂದು ಶನಿವಾರ ಬೆಳಿಗ್ಗೆ ಅವರು ಹ್ಯಾಂಬರ್ಗಿಗೆಂದು ಹೊರಟಿದ್ದರು. ನಿಲ್ದಾಣವನ್ನು ಮುಟ್ಟುವಷ್ಟರಲ್ಲಿ ರೈಲು ಹೊರಟುಹೋಗಿತ್ತು. ಇನ್ನೊಂದು ಪ್ಲಾಟ್‌ಫಾರಂನಲ್ಲಿ ಡ್ರೆಸ್ಡೆನ್ನಿಗೆ ಹೋಗುವ ರೈಲು ನಿಂತಿತ್ತು.

"ಎರಡು ಗಂಟೆಯ ದಾರಿ. ಇಬ್ಬರೂ ನೋಡದ ಊರು. ಹೋಗಿಬರೋಣ" ಎಂದನು ಮೈಸೂರಿನವನು. ಗೆಳೆಯನು ಕ್ಷಣಕಾಲ ಹಿಂಜರಿದು, ಬಳಿಕ ಒಪ್ಪಿದನು.

ಹಿಂಜರಿಕೆಯ ಕಾರಣ ದಾರಿಯಲ್ಲಿ ತಿಳಿಯಿತು. 1944ರಲ್ಲಿ ವಾರ್ಸಾದ ಜನ ದಂಗೆಯೆದ್ದಾಗ ಜರ್ಮನ್ ಸೈನ್ಯವು ಅದನ್ನು ಅಡಗಿಸಿ, ನಗರದ ಮನೆಗಳನ್ನು ಒಂದೊಂದಾಗಿ ಸುಟ್ಟು ಕೆಡವಿತು. ಅವನ ಅಜ್ಜಿ ಆಗ ಪುಟ್ಟ ಬಾಲಕಿ. ಉಟ್ಟ ಬಟ್ಟೆಯಲ್ಲಿ ಮನೆ ಬಿಟ್ಟವಳು. ಡ್ರೆಸ್ಡೆನ್ನಿನ ಹೆಸರು ಬಂದಾಗಲೆಲ್ಲ ಆಕೆ "ಮಾಡಿದ್ದನ್ನು ಉಂಡರು" ಎಂದಷ್ಟೇ ನುಡಿದು ಸುಮ್ಮನಾಗುತ್ತಿದ್ದಳಂತೆ.

ಡ್ರೆಸ್ಡೆನ್ ಎಲ್ಬೆ ನದಿಯ ದಂಡೆಯ ಮೇಲಿನ ನಗರ. ನಕ್ಷೆಯಿಲ್ಲದೆ ಬೀದಿಗಳಲ್ಲಿ ಅಲೆದ ಗೆಳೆಯರು ಒಂದು ಚೌಕದಲ್ಲಿ ಥಟ್ಟನೆ ನಿಂತರು. ಎದುರಿಗೆ ಗಂಟೆಯಾಕಾರದ ಗುಮ್ಮಟವನ್ನು ಹೊತ್ತ ಭವ್ಯವಾದ ಚರ್ಚು. ಅದರ ತಿಳಿವರ್ಣದ ಗೋಡೆಗಳಲ್ಲಿ ಅಲ್ಲಲ್ಲಿ ಕಪ್ಪು ಕಲ್ಲುಗಳು!

"ಇಷ್ಟು ಚೆಲುವಾದ ಗೋಡೆಗೆ ಈ ತೇಪೆಗಳೇಕೆ?" ಎಂದು ಮೈಸೂರಿನವನು ಬಾಗಿಲ ಬಳಿಯಿದ್ದ ವೃದ್ಧ ಕಾವಲುಗಾರನನ್ನು ಕೇಳಿದನು. ಆತನು ಆ ಕಥೆಯನ್ನು ಹೇಳಿದನು.

ಫ್ರಾವೆನ್‌ಕಿರ್ಷೆ ಎಂಬ ಈ ಚರ್ಚನ್ನು ಜಾರ್ಜ್ ಬೇರ್ ಎಂಬ ವಾಸ್ತುಶಿಲ್ಪಿಯ ಯೋಜನೆಯಂತೆ 1726ರಿಂದ 1743ರವರೆಗೆ ಕಟ್ಟಲಾಯಿತು. 1945ರ ಫೆಬ್ರುವರಿ 13ರ ರಾತ್ರಿ ಬ್ರಿಟಿಷ್ ವಿಮಾನಗಳೂ ಅನಂತರ ಅಮೆರಿಕದ ವಿಮಾನಗಳೂ ನಗರದ ಮೇಲೆ ಬಾಂಬಿನ ಮಳೆಗರೆದವು. ಸುಮಾರು 25,000 ಜನ ಮಡಿದರು. ಬೆಂಕಿಯಲ್ಲಿ ಬೆಂದ ಚರ್ಚು 15ರ ಬೆಳಿಗ್ಗೆ ಕುಸಿಯಿತು. ಸುಮಾರು ಅರ್ಧ ಶತಮಾನ ಆ ಕಲ್ಲಿನ ರಾಶಿ ಹಾಗೆಯೇ ಬಿದ್ದಿತ್ತು. ಜರ್ಮನಿಯು 1990ರಲ್ಲಿ ಒಂದಾದ ಮೇಲೆ, ಆ ಕಲ್ಲುಗಳನ್ನು ಎತ್ತಿ, ಅಳೆದು, ಗುರುತು ಹಾಕಿ, ಸಾಧ್ಯವಾದುದನ್ನೆಲ್ಲ ಮೊದಲಿನ ಸ್ಥಾನದಲ್ಲಿಯೇ ಇಟ್ಟು ಮತ್ತೆ ಕಟ್ಟಿದರು. 1994ರಲ್ಲಿ ಆರಂಭವಾದ ಕೆಲಸ 2005ರಲ್ಲಿ ಮುಗಿಯಿತು.

"ಕಪ್ಪು ಕಲ್ಲುಗಳು ಹಳೆಯವು. ಅದು ಬೆಂಕಿಯ ಮಸಿಯೊಂದೇ ಎಂದು ತಿಳಿಯಬೇಡಿ. ಈ ಮರಳುಗಲ್ಲಿನಲ್ಲಿ ಕಬ್ಬಿಣದ ಅಂಶವಿದೆ; ಗಾಳಿಮಳೆಗೆ ತಾನಾಗಿಯೇ ಕಪ್ಪಾಗುತ್ತದೆ. ಹೊಸ ಕಲ್ಲುಗಳೂ ಮುಂದೊಂದು ದಿನ ಹೀಗೆಯೇ ಆಗುತ್ತವೆ" ಎಂದನು ಕಾವಲುಗಾರ.

ಒಳಗೆ, ರಾಶಿಯಲ್ಲಿ ದೊರೆತ ಹಳೆಯ ಶಿಲುಬೆ ಸೊಟ್ಟಗಾಗಿ ನಿಂತಿತ್ತು. ಗುಮ್ಮಟದ ಮೇಲಿನ ಹೊಸ ಶಿಲುಬೆಯು ಬ್ರಿಟನ್ನಿನ ಕಾಣಿಕೆ. ಅದನ್ನು ರೂಪಿಸಿದವರು ಅಲನ್ ಸ್ಮಿತ್ ಎಂಬ ಲಂಡನ್ನಿನ ಅಕ್ಕಸಾಲಿ; ಅವರ ತಂದೆ ಡ್ರೆಸ್ಡೆನ್ ಮೇಲೆ ದಾಳಿಮಾಡಿದ ವಿಮಾನ ಚಾಲಕರಲ್ಲೊಬ್ಬರು. ಇದನ್ನು ಕೇಳಿದ ವಾರ್ಸಾದ ತರುಣನು ಬಹಳ ಹೊತ್ತು ಮಾತನಾಡಲಿಲ್ಲ.

ಭಾನುವಾರ ಅವರು ಅಲ್ಲಿನ ಚಿತ್ರಶಾಲೆಗೆ ಹೋದರು. ಹದಿನೆಂಟನೆಯ ಶತಮಾನದ ಡ್ರೆಸ್ಡೆನ್ನಿನ ಚಿತ್ರವೊಂದರ ಕೆಳಗೆ ಬೆಲೊಟ್ಟೊ ಎಂಬ ಹೆಸರನ್ನು ಕಂಡು ವಾರ್ಸಾದವನು ಬೆರಗಾದನು. ಇದೇ ಕಲಾವಿದನು ಮುಂದೆ ವಾರ್ಸಾದಲ್ಲಿ ನೆಲೆಸಿ ಅಲ್ಲಿನ ಬೀದಿಗಳನ್ನೂ ಚಿತ್ರಿಸಿದ್ದನು. ಯುದ್ಧಾನಂತರ ಅವನ ಊರಿನವರು ಆ ಚಿತ್ರಗಳನ್ನು ಮುಂದಿಟ್ಟುಕೊಂಡೇ ಹಳೆಯ ಪೇಟೆಯನ್ನು ಮತ್ತೆ ಕಟ್ಟಿದ್ದರು. ಹಗೆಗಳಾಗಿದ್ದ ಎರಡು ನಗರಗಳ ಚೆಲುವನ್ನು ಒಂದೇ ಕೈ ಕಾಪಾಡಿತ್ತು!

ಸಂಜೆ ನಿಲ್ದಾಣದಲ್ಲಿ ಅವನು ಚರ್ಚಿನ ಚಿತ್ರವಿದ್ದ ಒಂದು ಕಾರ್ಡನ್ನು ಕೊಂಡು, ಅದರ ಮೇಲೆ ಹೀಗೆ ಬರೆದನು: "ಅಜ್ಜಿ, ಡ್ರೆಸ್ಡೆನ್ನಿಗೆ ಬಂದಿದ್ದೆ. ಅಂದು ಇಲ್ಲಿಯೂ ನಿನ್ನ ವಯಸ್ಸಿನ ಹುಡುಗಿಯರಿದ್ದರು."

ಕಾರ್ಡನ್ನು ಅಂಚೆಪೆಟ್ಟಿಗೆಗೆ ಹಾಕಿ ಇಬ್ಬರೂ ರೈಲು ಹತ್ತಿದರು. ಈ ಸಲ ರೈಲು ತಪ್ಪಲಿಲ್ಲ.