ನೀರೂ ಒಂದು ಅಮಾನತ್

ಅಮಾನತ್ ಎಂದೊಡನೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಯಾರೋ ನಂಬಿ ಇಟ್ಟುಹೋದ ಹಣ ಅಥವಾ ಒಡವೆ. ಆದರೆ ವಿದ್ವಾಂಸರು ಈ ಪದವನ್ನು ಅಷ್ಟಕ್ಕೇ ಸೀಮಿತಗೊಳಿಸಿಲ್ಲ. ಒಬ್ಬನಿಗೆ ಒಪ್ಪಿಸಲಾದ ಹುದ್ದೆ, ಅವನು ಹಾಕುವ ಸಹಿ, ಪುಸ್ತಕದಲ್ಲಿ ಬರೆಯುವ ಲೆಕ್ಕ ಎಲ್ಲವೂ ಅಮಾನತ್ತೇ ಆಗಿದೆ. ಹಾಗಾದರೆ ಒಂದು ಊರಿನ ಕುಡಿಯುವ ನೀರನ್ನು ನೋಡಿಕೊಳ್ಳುವವನ ಹೊಣೆ ಎಷ್ಟು ದೊಡ್ಡದು! ಅದನ್ನು ಮನಗಾಣಲು ದೂರದೇಶದ ಒಂದು ಘಟನೆಯನ್ನು ನಾವು ಗಮನವಿಟ್ಟು ಓದಬೇಕಾಗಿದೆ.

ವಾಕರ್ಟನ್‌ನಲ್ಲಿ ನಡೆದುದೇನು?

ಕೆನಡಾದ ಒಂಟಾರಿಯೋ ಪ್ರಾಂತದಲ್ಲಿ ವಾಕರ್ಟನ್ ಎಂಬ ಸಣ್ಣ ಪಟ್ಟಣವಿದೆ. 2000ನೇ ಇಸವಿಯಲ್ಲಿ ಅಲ್ಲಿನ ಜನಸಂಖ್ಯೆ ಸುಮಾರು 4,800. ಕೊಳವೆ ಬಾವಿಗಳ ನೀರಿಗೆ ಕ್ಲೋರಿನ್ ಬೆರೆಸಿ ಮನೆಮನೆಗೆ ಹರಿಸಲಾಗುತ್ತಿತ್ತು. ಅವುಗಳಲ್ಲಿ 5ನೇ ಬಾವಿಗೆ ನೀರು ಬರುತ್ತಿದ್ದುದು ನೆಲದಿಂದ ಕೇವಲ 5ರಿಂದ 8 ಮೀಟರ್ ಕೆಳಗಿನ, ಬಿರುಕುಬಿಟ್ಟ ಬಂಡೆಯ ಪದರದಿಂದ. ಆ ವರ್ಷ ಮೇ ತಿಂಗಳ ಎರಡನೇ ವಾರದಲ್ಲಿ ಭಾರೀ ಮಳೆ ಸುರಿಯಿತು. ಹತ್ತಿರದ ಹೊಲಕ್ಕೆ ಹಾಕಿದ್ದ ದನದ ಗೊಬ್ಬರದಿಂದ ರೋಗಾಣುಗಳು ಮಳೆನೀರಿನೊಡನೆ ಬಾವಿಗಿಳಿದವು. ರೈತನು ಕ್ರಮಬದ್ಧವಾಗಿಯೇ ಗೊಬ್ಬರ ಹಾಕಿದ್ದನು. ದೋಷ ಅವನದಲ್ಲವೆಂದು ಮುಂದೆ ತನಿಖೆ ಹೇಳಿತು.

ರೋಗಾಣುಗಳನ್ನು ಕೊಲ್ಲುವಾಗ ಕ್ಲೋರಿನ್ ಖರ್ಚಾಗುತ್ತದೆ. ಆದ್ದರಿಂದ ನೀರಿನಲ್ಲಿ ಎಷ್ಟು ಕ್ಲೋರಿನ್ ಉಳಿದಿದೆ ಎಂದು ಅಳೆದರೆ ನೀರಿನ ಸ್ಥಿತಿ ತಿಳಿಯುತ್ತದೆ. ಬೆರೆಸಿ 15 ನಿಮಿಷ ಕಳೆದ ಬಳಿಕವೂ ಲೀಟರಿಗೆ 0.5 ಮಿಲಿಗ್ರಾಂ ಉಳಿದಿರಬೇಕೆಂಬುದು ಅಲ್ಲಿನ ನಿಯಮವಾಗಿತ್ತು. ದಿನಾ ಅಳೆದು ಬರೆಯಬೇಕಿತ್ತು. ಆದರೆ ಅಲ್ಲಿನ ಸಿಬ್ಬಂದಿ ಹೆಚ್ಚಿನ ದಿನಗಳಲ್ಲಿ ಅಳೆಯುತ್ತಲೇ ಇರಲಿಲ್ಲ. ಪುಸ್ತಕದಲ್ಲಿ ಮಾತ್ರ 0.5 ಅಥವಾ 0.75 ಎಂದು ಬರೆಯುತ್ತಿದ್ದರು. ಇದು ವರ್ಷಗಟ್ಟಲೆ ನಡೆದಿತ್ತು.

ಮೇ 17ರಂದು ಪ್ರಯೋಗಾಲಯವು ನೀರು ಕೆಟ್ಟಿದೆಯೆಂದು ಮೇಲ್ವಿಚಾರಕನಿಗೆ ತಿಳಿಸಿತು. ಮೇ 19ರಂದು ಆರೋಗ್ಯ ಅಧಿಕಾರಿಗಳು ವಿಚಾರಿಸಿದಾಗ, ನೀರು ಸರಿಯಾಗಿದೆ ಎಂದೇ ಆತ ಉತ್ತರಿಸಿದನು. ಕೊನೆಗೆ ಅಧಿಕಾರಿಗಳೇ ಸಂಶಯಪಟ್ಟು ಮೇ 21ರಂದು ನೀರನ್ನು ಕುದಿಸಿ ಕುಡಿಯಿರೆಂದು ಸಾರಿದರು. ಅಷ್ಟರಲ್ಲಿ ಕಾಲ ಮಿಂಚಿತ್ತು. 7 ಮಂದಿ ಸತ್ತರು. 2,300ಕ್ಕೂ ಹೆಚ್ಚು ಮಂದಿ ಕಾಯಿಲೆ ಬಿದ್ದರು. ಎಷ್ಟೋ ಎಳೆಯ ಮಕ್ಕಳ ಮೂತ್ರಪಿಂಡಗಳಿಗೆ ಹಾನಿಯಾಯಿತು.

ನ್ಯಾಯಮೂರ್ತಿ ಡೆನಿಸ್ ಓಕಾನರ್ ಅವರ ತನಿಖಾ ವರದಿ 2002ರಲ್ಲಿ ಪ್ರಕಟವಾಯಿತು. ಮೇ 19ರಂದು ನಿಜ ಹೇಳಿದ್ದರೂ ಸಾವುಗಳು ತಪ್ಪುವ ಸಂಭವ ಕಡಿಮೆಯಿತ್ತು. ಆದರೆ 300ರಿಂದ 400 ಮಂದಿ ಕಾಯಿಲೆಯಿಂದ ಪಾರಾಗುತ್ತಿದ್ದರೆಂದು ಅದು ಹೇಳಿತು. ಆ ಬಾವಿಯಲ್ಲಿ ಕ್ಲೋರಿನನ್ನು ಸದಾ ಅಳೆಯುವ ಯಂತ್ರವಿದ್ದಿದ್ದರೆ ಅನಾಹುತವನ್ನೇ ತಡೆಯಬಹುದಿತ್ತು.

ಸುಳ್ಳು ಅಂಕಿ, ಸುಳ್ಳು ಸಾಕ್ಷಿ

ಆ ಸಿಬ್ಬಂದಿ ಜನರನ್ನು ಕೊಲ್ಲಬೇಕೆಂದು ಬಯಸಿದವರಲ್ಲ. ಅವರು ಆ ಬಾವಿಯ ನೀರನ್ನು ಕ್ಲೋರಿನ್ ಇಲ್ಲದೆಯೇ ತಾವೂ ಕುಡಿಯುತ್ತಿದ್ದರು. ಅದು ಶುದ್ಧವೆಂದು ನಂಬಿದ್ದರು. ಆದರೆ ನಂಬಿಕೆ ಬೇರೆ, ಸಾಕ್ಷ್ಯ ಬೇರೆ. 0.5 ಎಂದು ಬರೆಯುವುದೆಂದರೆ "ನಾನು ಅಳೆದಿದ್ದೇನೆ, ಕಂಡಿದ್ದೇನೆ" ಎಂದು ಸಾಕ್ಷಿ ನುಡಿಯುವುದು. ಕಾಣದುದನ್ನು ಕಂಡೆನೆಂದು ಹೇಳುವುದನ್ನು ಇಸ್ಲಾಮ್ ಮಹಾಪಾಪಗಳ ಸಾಲಿನಲ್ಲಿಟ್ಟಿದೆ.

ಪ್ರವಾದಿ(ಸ)ಯವರು ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈಹಾಕಿ ನೋಡಿದ ಪ್ರಸಂಗ ನಮಗೆಲ್ಲ ಗೊತ್ತಿದೆ. ಮೇಲೆ ಒಣಗಿದ್ದ ಧಾನ್ಯ ಒಳಗೆ ಒದ್ದೆಯಾಗಿತ್ತು. ಮಳೆಯಿಂದ ನೆನೆದದ್ದು ವ್ಯಾಪಾರಿಯ ತಪ್ಪಾಗಿರಲಿಲ್ಲ. ಅದನ್ನು ಮರೆಮಾಚಿದ್ದೇ ತಪ್ಪಾಗಿತ್ತು. ವಾಕರ್ಟನ್‌ನಲ್ಲಿಯೂ ಮಳೆ ಯಾರ ತಪ್ಪೂ ಅಲ್ಲ.

ಬಣ್ಣ, ರುಚಿ, ವಾಸನೆ

"ನಮ್ಮ ಬಾವಿಯ ನೀರು ಕನ್ನಡಿಯಂತಿದೆ, ಅಜ್ಜನ ಕಾಲದಿಂದ ಕುಡಿಯುತ್ತಿದ್ದೇವೆ" ಎನ್ನುವವರಿದ್ದಾರೆ. ಕೆಲವರು ಇದಕ್ಕೆ ಕರ್ಮಶಾಸ್ತ್ರವನ್ನೂ ಆಧಾರವಾಗಿ ಕೊಡುವುದುಂಟು. ಶಾಫಿಈ ಮದ್ಹಬ್‌ನ ಪ್ರಕಾರ ಎರಡು ಕುಲ್ಲತ್ ಅಥವಾ ಅದಕ್ಕಿಂತ ಹೆಚ್ಚಿರುವ ನೀರಿಗೆ ನಜಸ್ ಬಿದ್ದರೂ ಬಣ್ಣ, ರುಚಿ, ವಾಸನೆ ಬದಲಾಗದಿದ್ದರೆ ಅದು ಅಶುದ್ಧವಾಗದು. ಆದರೆ ಇದು ವುಝೂ ಮತ್ತು ಸ್ನಾನದ ಶುದ್ಧಿಗೆ ಸಂಬಂಧಿಸಿದ ವಿಧಿ; ಕುಡಿದರೆ ಕಾಯಿಲೆ ಬರದೆಂಬ ಭರವಸೆಯಲ್ಲ. ರೋಗಾಣುಗಳು ಈ ಮೂರನ್ನೂ ಬದಲಿಸದೆಯೇ ನೀರಿನಲ್ಲಿರಬಲ್ಲವು. ತನಗಾಗಲಿ ಇತರರಿಗಾಗಲಿ ಹಾನಿ ಮಾಡಬಾರದೆಂಬುದು ಶರೀಅತ್ತಿನ ಮೂಲತತ್ವ. ಹಾನಿಯಿದೆಯೇ ಎಂಬುದನ್ನು ಪರೀಕ್ಷೆಯಿಂದಲೇ ತಿಳಿಯಬೇಕು.

ಹೊಣೆ ಒಬ್ಬನದಲ್ಲ

2004ರಲ್ಲಿ ಮೇಲ್ವಿಚಾರಕನಿಗೆ ಒಂದು ವರ್ಷದ ಸೆರೆವಾಸವೂ ಅವನ ಸಹೋದ್ಯೋಗಿಗೆ 9 ತಿಂಗಳ ಗೃಹಬಂಧನವೂ ಆಯಿತು. ಆದರೆ ವರದಿಯು ಸರಕಾರವನ್ನೂ ಬಿಡಲಿಲ್ಲ. 1998ರಲ್ಲಿಯೇ ತಪಾಸಣೆಯಲ್ಲಿ ಲೋಪಗಳು ಕಂಡುಬಂದಿದ್ದವು, ಯಾರೂ ಬೆನ್ನುಹತ್ತಲಿಲ್ಲ. 1996ರಲ್ಲಿ ನೀರಿನ ಪರೀಕ್ಷೆಯನ್ನು ಖಾಸಗಿ ಪ್ರಯೋಗಾಲಯಗಳಿಗೆ ಬಿಡಲಾಯಿತು. ಕೆಟ್ಟ ಫಲಿತಾಂಶವನ್ನು ಆರೋಗ್ಯ ಇಲಾಖೆಗೆ ತಿಳಿಸಲೇಬೇಕೆಂಬ ಕಾನೂನನ್ನು ಮಾತ್ರ ಮಾಡಿರಲಿಲ್ಲ.

ನಮ್ಮ ಹಳ್ಳಿಗಳ ನೀರಗಂಟಿಯ ಕೈಯಲ್ಲಿಯೂ ಇಂಥದೇ ಅಮಾನತ್ ಇದೆ. ಕ್ಲೋರಿನ್ ಬೆರೆಸಿದ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು, 100 ಮಿಲಿಲೀಟರ್ ನೀರಿನಲ್ಲಿ ಇ. ಕೊಲಿ ರೋಗಾಣು ಒಂದೂ ಕಾಣಿಸಬಾರದು ಎನ್ನುತ್ತದೆ ಭಾರತೀಯ ಮಾನದಂಡ. 2019ರಲ್ಲಿ ಆರಂಭವಾದ ಜಲ ಜೀವನ್ ಮಿಷನ್ ಯೋಜನೆಯಲ್ಲಿ ನೀರನ್ನು ಪರೀಕ್ಷಿಸಲು ಪ್ರತಿ ಹಳ್ಳಿಯ ಐವರು ಮಹಿಳೆಯರಿಗೆ ತರಬೇತಿ ನೀಡುವ ಏರ್ಪಾಡಿದೆ. ನಮ್ಮ ಸಹೋದರಿಯರು ಇದಕ್ಕೆ ಮುಂದೆ ಬರಬೇಕು. ಪಂಚಾಯತಿನಲ್ಲಿ ಪರೀಕ್ಷೆಯ ಪುಸ್ತಕವನ್ನು ಕೇಳಿ ನೋಡಬೇಕು. ತಿಂಗಳುಗಟ್ಟಲೆ ಒಂದೇ ಅಂಕಿ ಕಂಡರೆ, ಯಾವಾಗ ಅಳೆದಿರೆಂದು ವಿನಯದಿಂದ ವಿಚಾರಿಸಬೇಕು. ಮಸೀದಿ, ಮದ್ರಸಗಳ ಬಾವಿಯ ನೀರನ್ನು ಮಳೆಗಾಲಕ್ಕೆ ಮೊದಲು ಮತ್ತು ಅನಂತರ ಪರೀಕ್ಷೆಗೆ ಕಳುಹಿಸುವುದು ಆಡಳಿತ ಸಮಿತಿಯ ಕರ್ತವ್ಯವಾಗಬೇಕು.

ಬಾಯಾರಿದವರಿಗೆ ನೀರು ಕೊಡುವುದು ಶ್ರೇಷ್ಠ ದಾನವೆಂದು ನಾವು ಮಕ್ಕಳಿಗೆ ಕಲಿಸುತ್ತೇವೆ. ಕೊಟ್ಟ ನೀರು ಸುರಕ್ಷಿತವೆಂದು ಖಚಿತಪಡಿಸಿಕೊಳ್ಳುವುದೂ ಆ ದಾನದ ಭಾಗವೇ ಎಂಬುದನ್ನು ಜೊತೆಯಲ್ಲಿ ಕಲಿಸೋಣ.