ಬೇರಿನ ಗಂಟು: ರೋಗವೋ, ನೆರವೋ?

ಸೂಕ್ಷ್ಮಜೀವಿಗಳೆಂದರೆ ರೋಗಾಣುಗಳೇ ಎಂಬ ಭಾವನೆ ಅನೇಕ ಮಕ್ಕಳಲ್ಲಿರುತ್ತದೆ. ಅದನ್ನು ತಿದ್ದಲು ಮಡಕಶಿರ, ರಾಯದುರ್ಗ ಸೀಮೆಯ ಶಿಕ್ಷಕರಿಗೆ ನೆರೆಯ ಶೇಂಗಾ ಹೊಲವೇ ಪ್ರಯೋಗಶಾಲೆ.

ಚಟುವಟಿಕೆ: ಬಿತ್ತಿ ಸುಮಾರು 40 ದಿನಗಳಾದ ಗಿಡವೊಂದನ್ನು, ಹೊಲದವರ ಒಪ್ಪಿಗೆ ಪಡೆದು, ಮಣ್ಣುಸಹಿತ ಅಗೆಸಿರಿ. ಎಳೆದು ಕಿತ್ತರೆ ಗಂಟುಗಳು ಮಣ್ಣಿನಲ್ಲಿಯೇ ಉಳಿದಾವು. ಮಕ್ಕಳು ಬೇರನ್ನು ಮೆಲ್ಲನೆ ತೊಳೆದು, ಗಂಟುಗಳನ್ನು ಎಣಿಸಿ, ಒಂದೆರಡನ್ನು ಉಗುರಿನಿಂದ ಸೀಳಿ ಒಳಬಣ್ಣವನ್ನು ಬರೆದುಕೊಳ್ಳಲಿ.

ವಿವರಣೆ: ಗಾಳಿಯಲ್ಲಿ ಶೇ. 78ರಷ್ಟು ಸಾರಜನಕವಿದ್ದರೂ ಗಿಡವು ಅದನ್ನು ನೇರವಾಗಿ ಬಳಸಲಾರದು. ಗಂಟಿನೊಳಗಿನ ರೈಜೋಬಿಯಂ ಗುಂಪಿನ ಬ್ಯಾಕ್ಟೀರಿಯಾಗಳು ಅದನ್ನು ಅಮೋನಿಯವಾಗಿಸಿ ಗಿಡಕ್ಕೆ ಒದಗಿಸುತ್ತವೆ. ಗಿಡವು ಅವುಗಳಿಗೆ ಸಕ್ಕರೆಯ ಅಂಶವನ್ನು ಕೊಡುತ್ತದೆ. ಒಳಭಾಗ ನಸುಗೆಂಪಾಗಿದ್ದರೆ ಈ ಕಾರ್ಯ ನಡೆಯುತ್ತಿದೆ ಎಂದರ್ಥ. ಆ ಬಣ್ಣಕ್ಕೆ ಲೆಗ್‌ಹಿಮೋಗ್ಲೋಬಿನ್ ಕಾರಣ. ಈ ಬ್ಯಾಕ್ಟೀರಿಯಾಗಳನ್ನು ಗಂಟಿನಿಂದ ಬೇರ್ಪಡಿಸಿ ಬೆಳೆಸಿದವನು ಡಚ್ ವಿಜ್ಞಾನಿ ಬೈಜರಿಂಕ್, 1888ರಲ್ಲಿ.

ಎಚ್ಚರಿಕೆ: ಗಂಟುಗಳೆಲ್ಲವೂ ಮಿತ್ರರಲ್ಲ. ಬೇರುಗಂಟು ಜಂತುವಿನ ಬಾಧೆಯಲ್ಲಿ ಬೇರೇ ಊದಿಕೊಳ್ಳುತ್ತದೆ. ಆ ಊತವನ್ನು ಬಿಡಿಸಲಾಗದು. ರೈಜೋಬಿಯಂ ಗಂಟಾದರೋ ಬೇರಿನ ಪಕ್ಕಕ್ಕೆ ಅಂಟಿಕೊಂಡಿದ್ದು, ಬೆರಳಿನಿಂದ ಸುಲಭವಾಗಿ ಕಳಚಿ ಬರುತ್ತದೆ.

ಮೌಲ್ಯಮಾಪನ: ರೈಜೋಬಿಯಂ ಪುಡಿಯನ್ನು ಬೆಲ್ಲದ ನೀರಿನಲ್ಲಿ ಕಲಸಿ ಬಿತ್ತನೆ ಬೀಜಕ್ಕೆ ಲೇಪಿಸಿ, ಬಿಸಿಲಿನಲ್ಲಲ್ಲದೆ ನೆರಳಿನಲ್ಲಿ ಒಣಗಿಸುವುದೇಕೆ? ಉತ್ತರವನ್ನು ಮಗುವು ಮನೆಯ ಹಿರಿಯರಿಗೆ ತನ್ನ ಮಾತಿನಲ್ಲಿ ತಿಳಿಸಿ ಬರಲಿ. ಪುಡಿಯ ಪೊಟ್ಟಣದ ಮೇಲಿನ ಬರಹ ತೆಲುಗಿನಲ್ಲಿರಬಹುದು. ಅದರ ಒಳಗಿನ ಜೀವವನ್ನು ಕನ್ನಡದಲ್ಲಿ ಅರಿತ ಮಗುವಿನ ಮಾತು ಹೊಲದವರೆಗೂ ತಲುಪಿದರೆ, ಪಾಠ ಸಾರ್ಥಕ.